ಫಜೀತಿ ಅಂದರೇನೆಂದು ಮಾಸ್ತರರು ಹೇಳಿಕೊಟ್ಟದ್ದು

ಒಂದು ಒಗಟು ಹೇಳುತ್ತೇನೆ, ಒಡೆಯಿರಿ ನೋಡೋಣ. ಕೊಡುವವನ ಬಲ್ಲಿ ಅದು ಇರುವುದಿಲ್ಲ. ತಗೊಳ್ಳುವವ ಕೈ ಚಾಚುವುದಿಲ್ಲ. ಮುಚ್ಚಿದಷ್ಟೂ ಹೆಚ್ಚು ಕಾಣುತ್ತದೆ. ಏನದು?

ನಿಮ್ಮಿಂದ ಆಗುವುದಿಲ್ಲ, ಸುಮ್ಮನೆ ತಲೆ ಕೆರೆದುಕೊಳ್ಳಬೇಡಿರಿ. ಸೇಡಂ ಸಂತೆಯಲ್ಲಿ ಇಪ್ಪತ್ತು ಮಂದಿಗೆ ಕೇಳಿದ್ದೇನೆ. ಒಬ್ಬ ಬಿಸಿಲು ಅಂದ, ಒಬ್ಬ ಕಜ್ಜಿ ಅಂದ. ಕುರಕುಂಟಾದಿಂದ ಬದನೆಕಾಯಿ ಮಾರಲು ಬಂದಿದ್ದ ಒಬ್ಬ ಅಜ್ಜಿ ಮಾತ್ರ ತಟ್ಟನೆ "ಬಸಿರು" ಅಂದಳು. ಮಗ್ಗುಲಲ್ಲಿದ್ದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ನಾನು ಒಂದೊಂದೇ ಮಾತು ಹಚ್ಚಿ ನೋಡಿದೆ, ಎಲ್ಲಾ ಕೂಡುತ್ತಿತ್ತು. ನನ್ನ ಉತ್ತರಕ್ಕಿಂತ ಅದೇ ಚಲೋ ಇತ್ತು. ಆದರೂ ಒಗಟು ನನ್ನದು, ಉತ್ತರವೂ ನನ್ನದೇ ನಡೆಯಬೇಕು. ಉತ್ತರ ಫಜೀತಿ.

ನಾನು ಎಲ್ಲಿಗೆ ಹೋದರೂ ಅಲ್ಲಿ ಯಾರದಾದರೂ ಫಜೀತಿ ಆಗಿಯೇ ಆಗುತ್ತದೆ. ಅದು ನನ್ನ ಹಿಂದೆ ಬರುತ್ತದೆ ಅಂತ ನಾನು ಹೇಳುತ್ತೇನೆ. ನಾನೇ ಅದನ್ನು ಹಗ್ಗ ಕಟ್ಟಿ ಎಳಕೊಂಡು ಬರುತ್ತೇನೆ ಅಂತ ಊರವರು ಹೇಳುತ್ತಾರೆ. ನಮ್ಮೂರು ಸೇಡಂ ಮತ್ತು ಚಿತ್ತಾಪುರದ ನಡುವೆ ಅದೆ. ನನಗೀಗ ಹದಿನೇಳು ನಡೆದಿದೆ. ಸಾಲಿಯಲ್ಲಿ ಉರ್ದು ನಾಲ್ಕು ಜಮಾತು ಕಲಿತೆ, ಅಷ್ಟರಲ್ಲಿ ನಿಜಾಮರ ಸರಕಾರ ಹೋಗುವ ಹೊತ್ತಿನ ಗದ್ದಲದ ವರ್ಷ ಬಂದು ಸಾಲಿಯೇ ಮುಚ್ಚಿತು. ಮತ್ತೆ ತೆರೆದಾಗ ನಾನು ಒಳಗೆ ಹೋಗಲಿಲ್ಲ. ಕನ್ನಡ ಅಕ್ಷರ ಮಾತ್ರ ಅದಕ್ಕೂ ಮೊದಲೇ ಮಠದಲ್ಲಿ ಐನೋರ ಮುಂದೆ ಕುಂತು ಮರಳಿನ ಮೇಲೆ ತಿದ್ದಿದ್ದೆ. ಇದನ್ನು ಯಾಕೆ ಹೇಳಿದೆ ಅಂದರೆ, ಮುಂದಿನದೆಲ್ಲ ಆ ಮರಳಿನಿಂದಲೇ ಆಯಿತು.

೧. ಪಟವಾರಿಯ ರುಮಾಲು

ನಮ್ಮೂರಿನ ಹೊಲಗಳ ಕಾಗದಪತ್ರ ನೋಡುವ ಪಟವಾರಿಯನ್ನು ರುಮಾಲು ಇಲ್ಲದೆ ಕಂಡವರು ಇರಲಿಲ್ಲ. ಊಟಕ್ಕೆ ರುಮಾಲು, ನಿದ್ದೆಗೆ ರುಮಾಲು. ಹೊಳೆಗೆ ಇಳಿದರೂ ಅವರ ರುಮಾಲು ಒಣಗಿಯೇ ಇರುತ್ತಿತ್ತು. ಒಳಗೆ ಕೂದಲು ಸಿಂಹದ ಹಾಗೆ ಅದೆ ಅಂತ ಕೆಲವರು, ಇಲ್ಲ ಅಂತ ಕೆಲವರು. ನನಗೆ ಇಂಥ ಅನುಮಾನ ಇಟ್ಟುಕೊಂಡು ಬದುಕಲಿಕ್ಕೆ ಬರುವುದಿಲ್ಲ.

ಸಂತೆಯ ದಿನ ಮಧ್ಯಾಹ್ನ ಅವರು ಬೇವಿನ ಗಿಡದ ಬುಡಕ್ಕೆ ಒರಗಿ ಗೊರಕೆ ಹೊಡೆಯುತ್ತಿದ್ದರು. ರುಮಾಲಿನ ಚುಂಗು ಬೆನ್ನ ಹಿಂದೆ ಇಳಿಬಿದ್ದಿತ್ತು. ಅದೇ ಗಿಡದ ಬಲ್ಲಿ ಮಾರಲು ತಂದ ಒಂದು ಹೋತ ನಿಂತಿತ್ತು. ಚುಂಗನ್ನು ಹೋತದ ಕೋಡಿಗೆ ಕಟ್ಟಿ, ಹಗ್ಗ ಬಿಚ್ಚಿ, ದೂರ ಹೋಗಿ ಜೋಳದ ಸೊಪ್ಪು ತೋರಿಸಿದೆ. ಇಷ್ಟೇ ನಾನು ಮಾಡಿದ್ದು. ಉಳಿದದ್ದೆಲ್ಲ ಹೋತ ಮಾಡಿತು. ಮೆಣಸಿನಕಾಯಿ ರಾಶಿ ದಾಟಿತು, ಬಳೆಗಾರನ ಮಲಾರದ ಮೇಲೆ ಹಾರಿತು. ಹಿಂದೆ ಹನ್ನೆರಡು ಮೊಳ ರುಮಾಲು ಬಿಚ್ಚುತ್ತಾ ಹೋಯಿತು.

ಪಟವಾರಿ ಎದ್ದರು. ಕೈ ಮೊದಲು ತಲೆಗೆ ಹೋಯಿತು. ತಲೆ ತಾಮ್ರದ ತಂಬಿಗೆ ಇದ್ದಂಗೆ ಇತ್ತು, ಬೆಳಗಿ ಇಟ್ಟದ್ದು. ಕೈಗೆ ಸಿಕ್ಕದ್ದು ಬುಟ್ಟಿ ಮಾರುವವಳ ಒಂದು ಬುಟ್ಟಿ. ಅದನ್ನೇ ಕವುಚಿಕೊಂಡು, ಏನೂ ಆಗಿಲ್ಲ ಅನ್ನುವ ಹಾಗೆ ಅವರು ಎರಡು ಹೆಜ್ಜೆ ನಡೆದರು. ಹಿಂದಿನಿಂದ ಬುಟ್ಟಿಯವಳು ಭಾಳ ಮರ್ಯಾದೆಯಿಂದ ಕೂಗಿದಳು, "ಸಾಹೇಬ್ರ, ಅದು ತೆಲಿಗಲ್ರಿ, ಕೋಳಿ ಮುಚ್ಚೂದದ."

ದೂರು ಮಾಸ್ತರರ ಬಲ್ಲಿ ಹೋಯಿತು. ಸಾಲಿ ಬಿಟ್ಟ ಹುಡುಗನ ಮೇಲೂ ಅವರ ಅಧಿಕಾರ ನಡೆಯುತ್ತಿತ್ತು. ನಮ್ಮೂರಿನಲ್ಲಿ ಅವರಿಗೆ ಅಷ್ಟು ಕಿಮ್ಮತ್ತು. ಅವರು ಬೈಯಲಿಲ್ಲ. ಮುರ್ಗಾ ಆಗು ಅಂದರು. ಬಗ್ಗಿ, ಮೊಣಕಾಲ ಸಂದಿಯಿಂದ ಕೈ ತೂರಿಸಿ, ಕಿವಿ ಹಿಡಿದು ನಿಂತೆ. ಏನು ಮಾಡಿದಿ ಅಂತ ಕೇಳಿದರು. ಫಜೀತಿ ಮಾಡಿದೆ ಅಂದೆ. ಆ ಮಾತು ಎಲ್ಲಿಂದ ಬಂತು ಗೊತ್ತೇನು ಅಂತ ಕೇಳಿದರು. ಅದಕ್ಕೇ ನೋಡ್ರಿ, ಈ ಮಾತಿನ ಹುಟ್ಟು ನನಗೆ ತಲೆಕೆಳಗಾಗಿ ತಿಳಿದದ್ದು.

"ಅರಬ್ಬಿಯೊಳಗ ಅದು ಫಜೀಹತ್" ಅಂದರು ಮಾಸ್ತರರು. "ಅಲ್ಲಿಂದ ಫಾರ್ಸಿಗಿ, ಫಾರ್ಸಿಯಿಂದ ಉರ್ದುಕ. ಮರಾಠಿ ಮಂದಿ ಬಲ್ಲಿನೂ ಅದ. ತಿರುಗಿ ತಿರುಗಿ ಸವದು ನಿನ್ನ ಬಾಯಾಗ ಫಜೀತಿ ಆಗ್ಯದ. ಅದರ ಅರ್ಥ ನಾಚಿಕಿ ಅಲ್ಲೋ ತಮ್ಮಾ. ಒಬ್ಬಾಂವ ಮುಚ್ಚಿಟ್ಟದ್ದು ಇನ್ನೊಬ್ಬಾಂವ ಮಂದ್ಯಾಗ ತೆಗದು ತೋರ್ಸೂದು. ನಾಚಿಕಿ ಒಬ್ಬಾಂವಗೇ ಆಗ್ತದ. ಫಜೀತಿಗಿ ಇಬ್ಬರು ಬೇಕು."

ನಾನು ಕಾಲ ಸಂದಿಯಿಂದಲೇ ಹೇಳಿದೆ, "ಹೋತ ಹಿಡದು ಮೂರು ಮಂದಿರಿ."

ಮತ್ತೆ ಅರ್ಧ ತಾಸು ಮುರ್ಗಾ.

೨. ಕಡೆಯಿಂದ ಶುರುವಾದ ಪುಸ್ತಕ

ಮಾಸ್ತರರ ಬಗ್ಗೆ ಸ್ವಲ್ಪ ಹೇಳಬೇಕು. ನಲವತ್ತು ದಾಟಿದವರು. ತಾಯಿ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಅವರೊಬ್ಬರ ನೌಕರಿಯ ಮೇಲೆ ಬದುಕಿದ್ದರು. ಅವರು ನಮ್ಮವರೇ, ಕನ್ನಡದವರೇ. ತಾಯಿಯ ಸಂಗಡ ಕನ್ನಡ, ಎತ್ತಿಗೆ ಬೈಯುವುದು ಕನ್ನಡ, ನಿದ್ದೆಗಣ್ಣಿನಲ್ಲಿ ಬಡಬಡಿಸುವುದೂ ಕನ್ನಡವೇ ಅಂತ ಅವರ ಹೆಂಡತಿ ಹೇಳುತ್ತಿದ್ದರು. ಆದರೆ ನಿಜಾಮರ ಕಾಲದಲ್ಲಿ ಸರಕಾರಿ ಸಾಲಿ ಅಂದರೆ ಉರ್ದು. ಅಲಿಫ್‌ನಿಂದ ಶುರು ಮಾಡಿದವರು ಅದರಲ್ಲೇ ದೊಡ್ಡವರಾಗಿ, ಅದರಲ್ಲೇ ಮಾಸ್ತರರಾದರು. ಉರ್ದು ಬರೆದರೆ ಮಲ್ಲಿಗೆ ದಂಡೆ ಹೆಣೆದ ಹಾಗೆ. ಕನ್ನಡದಲ್ಲಿ ಮಾತ್ರ ತಮ್ಮ ಹೆಸರು ತಾವು ಬರೆಯಲು ಬರುತ್ತಿರಲಿಲ್ಲ. ಇದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಯಾಕೆ ಅಂದರೆ ಯಾರೂ ಕೇಳಿರಲಿಲ್ಲ.

ಪೋಲೀಸ್ ಆಕ್ಷನ್ ಆಗಿ ನಿಜಾಮರ ಸರಕಾರ ಹೋಯಿತು. ಸಾಲಿಗೆ ಹುಕುಂ ಬಂತು. ಇನ್ನು ಪಾಠ ಕನ್ನಡದಲ್ಲಿ. ಮಾಸ್ತರರಾದವರು ಒಂದು ವರ್ಷದೊಳಗೆ ಕನ್ನಡದ ಪರೀಕ್ಷೆ ಪಾಸಾಗಬೇಕು, ಇಲ್ಲದಿದ್ದರೆ ನೌಕರಿ ಬಿಡಬೇಕು. ಹುಕುಮಿನ ಹಿಂದೆಯೇ ಸೇಡಂನಿಂದ ಬಂಡಿಯಲ್ಲಿ ಕನ್ನಡ ಪುಸ್ತಕದ ಗಂಟು ಬಂತು.

ಮಾಸ್ತರರು ಒಂದು ಪುಸ್ತಕ ಎತ್ತಿಕೊಂಡು, ಹಣೆಗೆ ಮುಟ್ಟಿಸಿ, ತೆರೆದರು. ಉರ್ದು ಪುಸ್ತಕ ತೆರೆಯುವುದು ನಮ್ಮ ಕನ್ನಡದ್ದಕ್ಕೆ ಉಲ್ಟಾ. ನಾವು ಕಡೆಯ ಪುಟ ಅನ್ನುವಲ್ಲಿ ಅವರದು ಮೊದಲ ಪುಟ. ಮೂವತ್ತು ವರ್ಷ ರೂಢಿಯಾದ ಕೈ, ಹಾಗೇ ಹೋಯಿತು. ಮಠದಲ್ಲಿ ಕಲಿತಿದ್ದ ಐನೋರ ಮಗ ಒಬ್ಬ ತರಗತಿಯಲ್ಲಿ ಇದ್ದ. ಓದು ಅಂತ ಅವನಿಗೆ ಕೊಟ್ಟರು. ಅವನು ಓದಿದ, ಉಳಿದವರು ಕೂಗಿದರು. ಮಾಸ್ತರರು ತೆರೆದದ್ದೇ ಮೊದಲ ಪುಟ, ಅದಕ್ಕೆ ಎದುರು ಹೇಳುವವರು ಯಾರು? ಹೀಗೆ ಜೂನ್ ತಿಂಗಳಲ್ಲಿ ಕಡೆಯ ಪಾಠದಿಂದ ಹೊರಟ ಸಾಲಿ, ದಸರೆಯ ಹೊತ್ತಿಗೆ ಅ ಆ ಇ ಈ ಇದ್ದ ಪುಟಕ್ಕೆ ಬಂದು ಮುಟ್ಟಿತು.

ಒಬ್ಬ ಹುಡುಗನ ಅಪ್ಪ, ಗಾಣದ ಮುದುಕ, ಸಾಲಿಗೆ ಬಂದು ಕಟ್ಟೆಯ ಮೇಲೆ ಕುಂತ. ನನ್ನ ಮಗ ಶಾಣ್ಯಾ ಇದ್ದ, ಮೊದಲ ತಿಂಗಳೇ ದೊಡ್ಡ ದೊಡ್ಡ ಪಾಠ ಪಟಪಟ ಹೇಳುತ್ತಿದ್ದ, ಈಗ ನೋಡಿದರೆ ಬರಬರುತ್ತಾ ಅ ಆ ಅನ್ನಾಕತ್ತಾನ, ಯಾರಾದರೂ ಮಾಟ ಮಾಡಿಸ್ಯಾರೇನು ಅಂತ ಕೇಳಿದ.

ಮಾಸ್ತರರು ಪುಸ್ತಕ ನೋಡಿದರು, ಮುದುಕನನ್ನು ನೋಡಿದರು. ಹಿಂದಿನ ರಟ್ಟು, ಮುಂದಿನ ರಟ್ಟು ತಿರುವಿದರು. ಆಮೇಲೆ ಗಂಭೀರವಾಗಿ, ಇದು ಹೊಸ ಸರಕಾರದ ಪದ್ಧತಿ, ಮೊದಲು ಕಷ್ಟದ್ದು ಮುಗಿಸಿಬಿಡುವುದು ಅಂದರು.

ಮುದುಕ ಎದ್ದು ಕೈ ಮುಗಿದ. "ಹಂಗಾದ್ರ ಮುಂದಿನ ವರ್ಷ ನನ್ನೂ ಸೇರಿಸ್ಕೊಳ್ರಿ. ಕಷ್ಟದ್ದು ನಂದು ಮುಗದದ."

೩. ಖಣಿಯಲ್ಲಿ ಅಕ್ಷರ

ಅದೇ ದಿನ ಸಂಜೆಮುಂದೆ ಮಾಸ್ತರರು ನಮ್ಮ ಹೊಲಕ್ಕೆ ಬಂದರು. ನಾನು ಹೆದರಿದೆ, ಆ ವಾರ ನಾನು ಏನೇನು ಮಾಡಿದ್ದೆ ಅಂತ ಮನಸ್ಸಿನಲ್ಲೇ ಎಣಿಸಿದೆ. ಅವರು ಬದುವಿನ ಮೇಲೆ ಕುಂತರು, ಒಂದು ಹುಲ್ಲುಕಡ್ಡಿ ಕಿತ್ತರು, ಅದನ್ನು ಸಣ್ಣಗೆ ಮುರಿಯುತ್ತಾ ಹೋದರು. ಕಡೆಗೆ, ಕಲಿಸುತ್ತೀಯೇನು ಅಂದರು.

ಐನೋರ ಬಲ್ಲಿ ಹೋದರೆ ಊರಿಗೆ ತಿಳಿಯುತ್ತದೆ. ಹುಡುಗರ ಬಲ್ಲಿ ಕೇಳಿದರೆ ನಾಳೆ ಬೋರ್ಡಿನ ಮುಂದೆ ನಿಲ್ಲುವುದು ಹೇಗೆ? ನೀನು ಓದು ಬಿಟ್ಟವ, ನಿನ್ನ ಬಲ್ಲಿ ಯಾರಾದರೂ ಅಕ್ಷರ ಕಲಿಯಾಕತ್ತಾರ ಅಂತ ಯಾರೂ ಅನುಮಾನ ಪಡುವುದಿಲ್ಲ ಅಂದರು. ಇದು ಹೊಗಳಿಕೆಯೋ ಬೈಗುಳವೋ ನನಗೆ ಇವತ್ತಿಗೂ ತಿಳಿದಿಲ್ಲ. ಕೊರಳಲ್ಲಿದ್ದ ಲಿಂಗ ಮುಟ್ಟಿ ಆಣೆ ಮಾಡಿಸಿದರು, ಯಾರಿಗೂ ಹೇಳುವುದಿಲ್ಲ ಅಂತ. ಮಾಡಿದೆ. ಖರೇನೇ ಮಾಡಿದೆ.

ಊರ ಹೊರಗೆ ಹಾಸುಗಲ್ಲು ತೆಗೆದು ಬಿಟ್ಟುಹೋದ ಒಂದು ಖಣಿ ಇತ್ತು. ಮಧ್ಯಾಹ್ನ ಸಾಲಿಯ ಊಟದ ಬಿಡುವಿನಲ್ಲಿ ಅಲ್ಲಿ ಸೇರುವುದು ಅಂತಾಯಿತು. ಕಲ್ಲೇ ಪಾಟಿ, ಇದ್ದಿಲೇ ಬಳಪ. ಮಾಸ್ತರರು ಕೋಟು ಬಿಚ್ಚಿ ಮಡಚಿಟ್ಟು, ಧೋತರ ಎತ್ತಿ ಕಟ್ಟಿ, ಕಲ್ಲಿನ ಬಲಗಡೆಯ ಅಂಚಿಗೆ ಹೋಗಿ ಕುಂದರುವರು. ನಾನು ಅವರನ್ನು ಎಡಗಡೆಗೆ ಕಳಿಸುವೆನು. ಎರಡನೇ ಅಕ್ಷರಕ್ಕೆ ಮತ್ತೆ ಬಲಗಡೆಗೆ ಬಂದಿರುವರು. ಹೀಗೆ ಕನ್ನಡ ಕಲಿಯುವುದರಲ್ಲಿ ಅವರು ದಿನಕ್ಕೆ ಅರ್ಧ ಹರದಾರಿ ನಡೆದರು.

ಒಂದು ದಿನ ಕಲ್ಲಿನ ವ್ಯಾಪಾರಿ ಒಬ್ಬ, ಶಹಾಬಾದ್ ಕಡೆಯವನು, ಖಣಿ ನೋಡಲು ಬಂದುಬಿಟ್ಟ. ಮಾಸ್ತರರು ಕಲ್ಲಿನ ಮೇಲೆ ಮಂಡಿಯೂರಿ 'ಆ' ತಿದ್ದುತ್ತಿದ್ದರು. ನಾನು ಅದರ ಮೇಲೆ ಕುಂತುಬಿಟ್ಟೆ. ಏನು ಮಾಡಾಕತ್ತೀರಿ ಅಂತ ಅವನು ಕೇಳಿದ. ಮಾಸ್ತರರು ಸುಳ್ಳು ಹೇಳಿ ರೂಢಿ ಇಲ್ಲದವರು. ಕಲ್ಲು ಅಳೆಯಾಕತ್ತೀನಿ, ಮನೆಗೆ ಹಾಸಿಸಬೇಕು ಅಂದುಬಿಟ್ಟರು.

ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ಅವರ ಹೆಂಡತಿಗೆ ಹದಿನೈದು ವರ್ಷದಿಂದ ಸಗಣಿ ಸಾರಿಸಿ ಸಾಕಾಗಿತ್ತು. ಗಂಡ ತಾನಾಗಿಯೇ ಮನಸ್ಸು ಮಾಡಿದನಲ್ಲ ಅಂತ ಅವತ್ತು ಹೋಳಿಗೆ ಮಾಡಿದರು. ಹೋಳಿಗೆ ತಿಂದ ಮೇಲೆ ಇಲ್ಲ ಅನ್ನುವುದು ಹೇಗೆ? ಮರುವಾರ ವ್ಯಾಪಾರಿಯ ಬಂಡಿ ಬಂತು, ಅಡಿಗೆ ಮನೆಗೆ ನಾಲ್ಕು ಕಲ್ಲು ಕುಂತವು.

ಮಾಸ್ತರರು ಖಣಿಯಲ್ಲಿ ನನಗೆ ಹೇಳಿದರು, "ನಾಕು ಅಕ್ಷರಕ್ಕ ನಾಕು ಕಲ್ಲಾದ್ವೋ ತಮ್ಮಾ. ಒತ್ತಕ್ಷರ ಮುಗಿಯೂದ್ರಾಗ ದನದ ಕೊಟ್ಟಗಿಗೂ ಆಗ್ತಾವ."

೪. ಪಾಟಿ ಪೂಜೆ

ಇದನ್ನು ನಗುತ್ತಾ ಹೇಳಬೇಕು ಅಂತ ಕುಂತಿದ್ದೇನೆ. ಊರಿನಲ್ಲಿ ಎಲ್ಲರೂ ನಗುತ್ತಾ ಹೇಳುತ್ತಾರೆ.

ಚಳಿಗಾಲ ಕಳೆಯುವ ಹೊತ್ತಿಗೆ ಮಾಸ್ತರರಿಗೆ ಅಕ್ಷರ ಕೂಡಿಸಲು ಬಂತು. ಒಂದು ಮಧ್ಯಾಹ್ನ, ನಾನು ಏನೂ ಹೇಳದೆ ಇರುವಾಗಲೇ, ಅವರು ತಾವಾಗಿ ಎಡಗಡೆಗೆ ಹೋಗಿ ಕುಂತರು. ಇದ್ದಿಲು ಹಿಡಿದು ತಮ್ಮ ಹೆಸರು ಬರೆದರು. ಒಂದು ತಪ್ಪಿಲ್ಲ. ಅಪ್ಪನ ಹೆಸರೂ ಮುಂದೆ ಹಚ್ಚಿದರು. ಎದ್ದು ನಿಂತು ನೋಡಿದರು, ದೂರ ಹೋಗಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ ಕೇಳಿದರು, "ಇದು ನಾನೇ ಏನೋ?"

ನನ್ನ ಜೀವಮಾನದಲ್ಲಿ ನಾನು ಅಷ್ಟು ಖುಷಿಪಟ್ಟದ್ದು ಇಲ್ಲ. ಯಾರನ್ನೂ ಕೆಡವದೆ, ಯಾರ ರುಮಾಲೂ ಬಿಚ್ಚದೆ ಬಂದ ಖುಷಿ ಅದು. ಅದನ್ನು ಇಟ್ಟುಕೊಳ್ಳುವುದು ಹೇಗೆ ಅಂತ ನನಗೆ ತಿಳಿಯಲಿಲ್ಲ. ನನಗೆ ಗೊತ್ತಿದ್ದದ್ದು ಒಂದೇ, ಮಂದಿ ಕೂಡಿಸುವುದು.

ನಮ್ಮ ಕಡೆ ಕೂಸನ್ನು ಸಾಲಿಗೆ ಹಾಕುವ ದಿನ ಪಾಟಿ ಪೂಜೆ ಮಾಡುತ್ತಾರೆ. ಪಾಟಿಗೆ ಅರಿಶಿನ ಕುಂಕುಮ ಹಚ್ಚಿ, ಹಲಗೆ ಬಾರಿಸಿಕೊಂಡು ಕೂಸನ್ನು ಸಾಲಿಗೆ ಕರೆತಂದು, ಎಲ್ಲ ಹುಡುಗರಿಗೂ ಪುಠಾಣಿ ಸಕ್ಕರೆ ಹಂಚುತ್ತಾರೆ. ನಾನು ಮರುದಿನ ಅದನ್ನೇ ಮಾಡಿದೆ. ಹಲಗೆಯವನನ್ನು ಕರೆದೆ. ಅವ್ವನಿಗೆ ಸುಳ್ಳು ಹೇಳಿ ಪುಠಾಣಿ ಸಕ್ಕರೆ ತಂದೆ. ಪಾಟಿಗೆ ಚೆಂಡು ಹೂವಿನ ಮಾಲೆ ಹಾಕಿದೆ, ಕೂಸಿನ ತಲೆಗೆ ಕಟ್ಟುವ ಒಂದು ಜರಿ ಕುಂಚಿಗೆಯನ್ನೂ ಹೊಂದಿಸಿದೆ. ಓಣಿಯಿಂದ ಓಣಿಗೆ ಹೋದ ಹಾಗೆ ಮಂದಿ ಕೂಡಿದರು. ಯಾರ ಮನೆಯ ಕೂಸು ಅಂತ ಎಲ್ಲರೂ ಕೇಳುವರು. ಬರ್ರಿ, ಬಂದು ನೋಡ್ರಿ ಅನ್ನುವೆನು. ಆಣೆ ನೆನಪಿಗೆ ಬರಲಿಲ್ಲವೇ ಅಂದರೆ, ಬಂತು. ಬಾಯಿಯಿಂದ ನಾನು ಯಾರಿಗೂ ಹೇಳುತ್ತಿಲ್ಲವಲ್ಲ ಅಂತ ಮನಸ್ಸಿಗೆ ಹೇಳಿಕೊಂಡೆ.

ಸಾಲಿಯ ಬಾಗಿಲಲ್ಲಿ ಮಾಸ್ತರರು ನಿಂತಿದ್ದರು. ಹೊಸ ಕೂಸು ಬಂತು ಅಂತ ಅವರೂ ನಗುಮುಖ ಮಾಡಿಕೊಂಡೇ ಬಂದಿದ್ದರು. ಆರತಿ ಹಿಡಿದವಳು ನಮ್ಮ ಓಣಿಯ ಹಿರಿಯ ಅಜ್ಜಿ, ಎರಡೂ ಕಣ್ಣಿಗೆ ಪೊರೆ ಬಂದವಳು. ಕೂಸು ಎಲ್ಲದ ಅಂತ ಕೇಳಿದಳು. ನಾನು ಅವಳ ಕೈ ಹಿಡಿದು ಮಾಸ್ತರರ ಮುಂದೆ ನಿಲ್ಲಿಸಿದೆ. ಪಾಟಿಯನ್ನು ಅವರ ಕೈಗೆ ಕೊಟ್ಟೆ. ಪಾಟಿಯ ಮೇಲೆ ಅವರ ಹೆಸರು ಇತ್ತು. ಕೆಳಗೆ, ಇವತ್ತಿನಿಂದ ಒಂದನೇ ಇಯತ್ತೆ ಅಂತ ನಾನೇ ಬರೆದಿದ್ದೆ.

ಮೊದಲು ಐನೋರ ಮಗ ಓದಿ ನಕ್ಕ. ಆಮೇಲೆ ಓದಲು ಬಾರದವರೂ ನಕ್ಕರು. ಹಲಗೆಯವ ಎಲ್ಲಿ ನಿಲ್ಲಿಸಬೇಕು ತಿಳಿಯದೆ ಇನ್ನೂ ಜೋರು ಬಾರಿಸಿದ. ಅಜ್ಜಿಗೆ ಮಾತ್ರ ಏನೂ ಕಾಣಿಸುತ್ತಿರಲಿಲ್ಲ. ಅವಳು ಆರತಿ ಬೆಳಗಿ, ಕೈಯಾಡಿಸಿ ಮಾಸ್ತರರ ಗದ್ದ ಹುಡುಕಿ, ಬಾಯಿಗೆ ಸಕ್ಕರೆ ಹಾಕಿದಳು. ಆಮೇಲೆ ಕುಂಚಿಗೆ ಕಟ್ಟಲು ತಲೆ ಸವರಿದಳು. ಕೈ ಎತ್ತಿ ಎತ್ತಿ ಸವರಿ, ಖರೇ ಮನಸ್ಸಿನಿಂದ ಹೇಳಿದಳು.

"ಭಾಳ ಬೆಳದದ ಕೂಸು. ಇಷ್ಟು ದಿನ ಯಾಕ ಸಾಲಿಗಿ ಹಾಕಲಿಲ್ರೇ?"

ಆ ಮಾತಿಗೆ ಬಿದ್ದ ನಗು ಚಿತ್ತಾಪುರಕ್ಕೆ ಕೇಳಿಸಿರಬೇಕು. ಮಾಸ್ತರರು ಬಾಯಲ್ಲಿದ್ದ ಸಕ್ಕರೆ ಉಗುಳಲಿಲ್ಲ, ನುಂಗಿದರು. ಬಗ್ಗಿ ಅಜ್ಜಿಯ ಕಾಲು ಮುಟ್ಟಿದರು. ಕಿವಿ ಮಾತ್ರ ಕೆಂಪಗೆ ಕಾದಿದ್ದವು. ಟೋಪಿ ತೆಗೆದರು, ಹಾಕಿಕೊಂಡರು, ಮತ್ತೆ ತೆಗೆದರು. ಪಾಟಿಯನ್ನು ಕಿಟಕಿಯಲ್ಲಿ ಗೋಡೆಗೆ ಮುಖ ಮಾಡಿ ಇಟ್ಟು, ಹುಡುಗರಿಗೆ ಕುಂದ್ರಿ ಅಂದರು.

ಅವತ್ತು ಮಧ್ಯಾಹ್ನ ನಾನು ಖಣಿಯಲ್ಲಿ ಕುಂತಿದ್ದೆ. ಇದ್ದಿಲು ಚೂಪು ಮಾಡಿ ಇಟ್ಟಿದ್ದೆ. ಅವರು ಬರಲಿಲ್ಲ.

೫. ಮೀಸೆ ಬಂದ ಕೂಸು

ಪರೀಕ್ಷೆಗೆ ಎರಡು ತಿಂಗಳು ಇತ್ತು. ಮಾಸ್ತರರು ಖಣಿಗೆ ಒಂದು ವಾರ ಬರಲಿಲ್ಲ, ಎರಡು ವಾರ ಬರಲಿಲ್ಲ. ಊರಿನಲ್ಲಿ ಅವರನ್ನು ಕಂಡ ಹುಡುಗರು ಬೆನ್ನ ಹಿಂದೆ ನಾಲಿಗೆಯಿಂದ ಹಲಗೆ ಬಾರಿಸುವುದು ಶುರುವಾಗಿತ್ತು. ಆ ಹುಡುಗರಲ್ಲಿ ಇಬ್ಬರನ್ನು ನಾನು ಹೊಡೆದೆ. ಹೊಡೆದ ಮೇಲೆ ಅವರು ಇನ್ನೂ ಚಲೋ ಬಾರಿಸಲು ಕಲಿತರು.

ನಾನು ಯೋಚನೆ ಮಾಡಿದೆ. ಅವರ ಫಜೀತಿ ನಾನು ಮಾಡಿದೆ, ಈಗ ನನ್ನದು ಊರು ಮಾಡಲಿ, ಲೆಕ್ಕ ಸರಿ ಹೋಗುತ್ತದೆ. ಒಂದು ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿ, ಧೋತರ ಬಿಟ್ಟು ಚಡ್ಡಿ ಹಾಕಿಕೊಂಡು, ಪಾಟಿ ಹಿಡಿದು ಸಾಲಿಗೆ ಹೋದೆ. ಒಂದನೇ ಇಯತ್ತೆಯ ಕೂಸುಗಳ ಸಾಲಿನಲ್ಲಿ ಕುಂತೆ. ಮೊಣಕಾಲು ಕಿವಿಗೆ ತಾಗುತ್ತಿದ್ದವು. ಊರಿಗೆ ಊರೇ ಕಿಟಕಿಯಲ್ಲಿ ಬಂದು ನಿಂತಿತು. ಮಗ್ಗುಲಲ್ಲಿದ್ದ ಐದು ವರ್ಷದ ಹುಡುಗಿ ನನ್ನ ಮೀಸೆಯನ್ನು ಭಾಳ ಹೊತ್ತು ನೋಡಿ, ಮಾಮಾ, ಅದರಿಂದ ನನ್ನ ಪಾಟಿ ಒರಸ್ತೀರೇನು ಅಂತ ಕೇಳಿದಳು. ಒರೆಸಿಕೊಟ್ಟೆ. ನಕ್ಕರು, ನಾನೂ ನಕ್ಕೆ. ಮೂರು ದಿನ ಹೋದೆ. ನನಗೆ ಏನೂ ಆಗಲಿಲ್ಲ. ಕಿವಿ ಕೆಂಪಾಗಲಿಲ್ಲ. ಟೋಪಿ ತೆಗೆದು ಹಾಕಬೇಕು ಅನಿಸಲಿಲ್ಲ. ಮಂದಿ ಹೆಚ್ಚಾದಷ್ಟೂ ನನಗೆ ಹುರುಪು ಹೆಚ್ಚಾಯಿತು.

ಮೂರನೇ ದಿನ ಮಾಸ್ತರರು ನನ್ನನ್ನು ಹೊರಗೆ ಕರೆದರು. ನಾನು ಕಾಲಿಗೆ ಬಿದ್ದೆ. ಖಣಿಗೆ ಬರ್ರಿ, ಇನ್ನೊಂದು ಸಲ ಆಣೆ ಮಾಡುತ್ತೇನೆ, ನನ್ನ ಅವ್ವನ ಮೇಲೆ ಮಾಡುತ್ತೇನೆ ಅಂದೆ.

"ಆಣಿ ಬ್ಯಾಡೋ" ಅಂದರು. ಸಿಟ್ಟು ಇರಲಿಲ್ಲ, ಇದ್ದಿದ್ದರೆ ಚಲೋ ಇತ್ತು. "ಮನ್ಯಾಗ ಪುಸ್ತಕ ತೆಗದು ನೋಡ್ದೆ. ಅಕ್ಷರ ಕಾಣ್ತಾವ. ಅದರ ಸಂಗಾಟ ಆ ಹಲಗಿನೂ ಕೇಳಸ್ತದ."

ನಾನು ಅದಕ್ಕೇ ಮೂರು ದಿನದಿಂದ ಕೂಸುಗಳ ನಡುವೆ ಕುಂತೀನ್ರಿ, ನನ್ನನ್ನೂ ನೋಡಿ ನಗಲಿ ಅಂತ, ಅಂದೆ.

"ನಿನ್ನ ಬಲ್ಲಿ ಮುಚ್ಚಿಟ್ಟದ್ದೇ ಏನೂ ಇಲ್ಲಲ್ಲೋ ತಮ್ಮಾ" ಅಂದರು ಮಾಸ್ತರರು. "ಯಾರು ಏನು ತೆಗೀಬೇಕು?"

ನಾನು ಪಾಟಿ ತಗೊಂಡು ಹೊರಟೆ. ಹಿಂದಿನಿಂದ ಮೀಸೆಯ ಹುಡುಗಿ ಮಾಸ್ತರರನ್ನು ಕೇಳುವುದು ಕೇಳಿಸಿತು, "ಮಾಸ್ತರ್ರೀ, ಮಾಮಾ ನಪಾಸ ಆದ್ರೇನ್ರಿ?"

೬. ಶಹಾಬಾದಿನ ಪರೀಕ್ಷೆ

ಪರೀಕ್ಷೆ ಶಹಾಬಾದಿನಲ್ಲಿ ಒಂದು ಸಾಲಿಯ ಕೋಣೆಯಲ್ಲಿ. ಮಾಸ್ತರರು ಕಡೆಯ ಹತ್ತು ದಿನ ಮತ್ತೆ ಪುಸ್ತಕ ಹಿಡಿದರು. ಕಾಗೆ ಗೂಡು ಕಟ್ಟುವಷ್ಟು ಹೊತ್ತಿನಲ್ಲಿ ಒತ್ತಕ್ಷರ ಮುಗಿಸಿದರು. ಬುತ್ತಿ ಹಿಡಿಯಲು ನನ್ನನ್ನು ಕರಕೊಂಡರು. ಸೇಡಂನಲ್ಲಿ ರೈಲು ಹತ್ತಿ ವಾಡಿಯಲ್ಲಿ ಇಳಿದೆವು, ಅಲ್ಲಿ ಗಾಡಿ ಬದಲಿಸಬೇಕು.

ವಾಡಿ ಸ್ಟೇಷನ್ನಿನಲ್ಲಿ ನೋಡುತ್ತೇನೆ, ನಮ್ಮ ಮಾಸ್ತರರಂಥವರೇ ಇಪ್ಪತ್ತು ಮಂದಿ. ಚಿಂಚೋಳಿಯ ಬಿಳಿ ಗಡ್ಡದ ಮೌಲ್ವಿ ಸಾಹೇಬರು, ಕೊಡ್ಲಿಯ ದಪ್ಪ ಮಾಸ್ತರರು, ಚಿತ್ತಾಪುರದ ಕನ್ನಡಕದವರು. ಎಲ್ಲರ ಕೈಯಲ್ಲೂ ಉರ್ದು ಪೇಪರು, ಎಲ್ಲರೂ ಅದರಲ್ಲಿ ಮುಖ ಮುಚ್ಚಿಕೊಂಡು ಓದುವರು, ತುಟಿ ಮಾತ್ರ ಕ ಕಾ ಕಿ ಕೀ ಅನ್ನುವುದು. ಗಾಡಿ ಬಂತು, ನೂಕಾಟ ಆಯಿತು. ಯಾರದೋ ಪೇಪರಿನ ಒಳಗಿಂದ ಕನ್ನಡ ಒಂದನೇ ಪುಸ್ತಕ ಜಾರಿ ಕೆಳಗೆ ಬಿತ್ತು. ಒಬ್ಬ ಹಮಾಲ ಎತ್ತಿ ಹಿಡಿದು, ಇದು ಯಾರ ಕೂಸಿಂದ್ರಿ ಅಂತ ಕೂಗಿದ. ಇಪ್ಪತ್ತು ಮಂದಿ ಒಂದೇ ಬಾಯಿಯಿಂದ ನನ್ನ ಮೊಮ್ಮಗಂದು ಅಂದರು.

ಶಹಾಬಾದಿನಲ್ಲಿ ಎಲ್ಲರೂ ನೆಲದ ಮೇಲೆ ಸಾಲಾಗಿ ಕುಂತರು. ನಾನು ಬಾಗಿಲಿಗೆ ಅಡ್ಡ ನೀರಿನ ಕೊಡ ಇಟ್ಟುಕೊಂಡು ಕುಂತೆ. ಪರೀಕ್ಷೆ ನಡೆಸುವ ದೊಡ್ಡ ಸಾಹೇಬರು ಹೈದರಾಬಾದಿನಿಂದ ಬಂದವರು. ಕನ್ನಡ ಪರೀಕ್ಷೆ ನಡೆಸಬೇಕು ಅಂತ ಅವರಿಗೆ ಹುಕುಂ ಬಂದಿತ್ತು, ಕನ್ನಡ ಅಕ್ಷರ ಬಂದಿರಲಿಲ್ಲ. ಪ್ರಶ್ನೆಯ ಕಾಗದ ಎತ್ತಿಕೊಂಡು ಗಂಟಲು ಸರಿ ಮಾಡಿದರು. ಕಾಗದ ತಲೆಕೆಳಗಾಗಿತ್ತು. ಅವರು ಅದನ್ನು ದಿಟ್ಟಿಸಿ ನೋಡಿದರು, ಕನ್ನಡಕ ಒರೆಸಿಕೊಂಡರು, ಮತ್ತೆ ನೋಡಿದರು. ಹಣೆಯ ಮೇಲೆ ಬೆವರು ಹನಿಯಿತು. ಎದುರಿಗೆ ಇಪ್ಪತ್ತು ಮಂದಿಗೂ ಕಾಣುತ್ತಿತ್ತು. ಹೊಟ್ಟೆಯಲ್ಲಿ ನಗು ಕುದಿಯುತ್ತಿತ್ತು. ಒಬ್ಬರು ಬಾಯಿ ಬಿಟ್ಟರೆ ಸಾಕು, ಇಡೀ ಕೋಣೆ ಸ್ಫೋಟ ಆಗುವುದಿತ್ತು.

ಆಗ ನಮ್ಮ ಮಾಸ್ತರರು ಎದ್ದರು. ಮೆಲ್ಲಗೆ ಮುಂದೆ ಹೋಗಿ, ಸಾಹೇಬರ ಕೈಯೊಳಗಿನ ಕಾಗದವನ್ನು ಭಾಳ ಅದಬು ಮರ್ಯಾದೆಯಿಂದ ತಿರುವಿ ಇಟ್ಟರು. "ಗಾಳಿ ಬಿಟ್ಟದ್ರಿ ಸಾಹೇಬ್ರ, ಕಾಗದ ತಿರುಗೇದ" ಅಂದರು.

ಸಾಹೇಬರು, ಹೌದು ಹೌದು, ಭಾಳ ಗಾಳಿ ಅದೆ ಅಂದರು. ಹಾರಿ ಹೋಗದಂತೆ ಕಾಗದವನ್ನು ಎರಡೂ ಕೈಯಿಂದ ಹಿಡಕೊಂಡರು. ಇಪ್ಪತ್ತು ಮಂದಿಯೂ ತಂತಮ್ಮ ಕಾಗದವನ್ನು ಎರಡೂ ಕೈಯಿಂದ ಹಿಡಕೊಂಡರು. ಬಿಳಿ ಗಡ್ಡದ ಮೌಲ್ವಿ ಸಾಹೇಬರಂತೂ ಗಡ್ಡವನ್ನೂ ಹಿಡಕೊಂಡರು. ಆ ಕೋಣೆಗೆ ಕಿಟಕಿ ಒಂದೂ ಇರಲಿಲ್ಲ. ಬಾಗಿಲಿಗೆ ನಾನೇ ಅಡ್ಡ ಕುಂತಿದ್ದೆ.

ಮಾಸ್ತರರು ಪಾಸಾದರು.

ಕಿಟಕಿ ಇರಲಿಲ್ಲ ಅಂದೆನಲ್ಲ, ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಪರೀಕ್ಷೆಯ ದಿನ ಬೆಳಿಗ್ಗೆ ಅವ್ವನ ಕೈಯಿಂದ ಇಬ್ಬರಿಗಾಗುವಷ್ಟು ರೊಟ್ಟಿ ಮಾಡಿಸಿಕೊಂಡು ಸೇಡಂ ಸ್ಟೇಷನ್ನಿನಲ್ಲಿ ನಿಂತಿದ್ದೆ. ಬರ್ತೀನಿ ಅಂತ ಅವರೇನೂ ಹೇಳಿರಲಿಲ್ಲ. ಗಾಡಿ ಬಂತು, ನಿಂತಿತು, ವಾಡಿಯ ಕಡೆ ಹೋಯಿತು. ಅದರ ಮುಂದಿನ ತಿಂಗಳು ಮಾಸ್ತರರು ನೌಕರಿ ಬಿಟ್ಟು, ಬಂಡಿ ಕಟ್ಟಿಕೊಂಡು ಕುಂಚಾವರಂ ಕಡೆ ಹೆಂಡತಿಯ ತವರಿಗೆ ಹೋದರು. ಸಾಲಿಗೆ ಈಗ ಬೇರೆಯವರು ಬಂದಿದ್ದಾರೆ, ಪುಸ್ತಕವನ್ನು ಮೊದಲ ಪುಟದಿಂದ ತೆರೆಯುತ್ತಾರೆ.

ಕಡೆಯದನ್ನು ನಾನೇ ಕಟ್ಟಿದೆ. ಶಹಾಬಾದಿನ ಆ ಕೋಣೆಯನ್ನು ನಾನು ಕಂಡಿಲ್ಲ. ಮಾಸ್ತರರೂ ಕಂಡಿಲ್ಲ.